ಕೈ ಕಲಿಯಬೇಕಾದ ಪಾಠ

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮಲಗಿರುವ ಈ ಗೊಂಬೆಯನ್ನು ನೋಡಿ ಆಗಲೇ ಕೆಲವರು ನಕ್ಕಿದ್ದೀರಿ. ಪರವಾಗಿಲ್ಲ, ನಗು ಬರುವಂತೆಯೇ ಇದೆ. ಕೈಕಾಲು ಇಲ್ಲ, ಸೊಂಟದ ಕೆಳಗೆ ಏನೂ ಇಲ್ಲ, ಬಾಯಿ ಮಾತ್ರ ಯಾವಾಗಲೂ ಅರ್ಧ ತೆರೆದೇ ಇರುತ್ತದೆ. ನನ್ನ ಮಾತು ಮುಗಿದ ಮೇಲೆ ನೀವೆಲ್ಲ ಸರದಿಯಲ್ಲಿ ಬಂದು ಇದರ ಎದೆ ಒತ್ತಬೇಕು.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ, ಉಸಿರು ಊದಿ ಬದುಕಿಸಲು ನೋಡುವುದನ್ನು ಕಲಿತು, ಸರ್ಟಿಫಿಕೇಟ್ ತಗೊಂಡು ಒಂದೂವರೆ ವರ್ಷ ಆಗಿತ್ತು. ಕೆಲಸದ ಜಾಗದಲ್ಲಿ ಮೆಟ್ಟಿಲ ಹತ್ತಿರ ಒಬ್ಬರು ಕುಸಿದುಬಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ಸರ್ಟಿಫಿಕೇಟ್ ಇದ್ದದ್ದು ನನ್ನ ಹತ್ತಿರ ತಾನೇ! ಓಡಿಹೋಗಿ ಮಂಡಿಯೂರಿದೆ. ಭುಜ ತಟ್ಟಿ ಕೂಗಿದೆ, ಉತ್ತರ ಇಲ್ಲ. ಅಷ್ಟರಲ್ಲಿ ಅವರು ಬಾಯಿ ತೆರೆದು, ಗೊರಕೆ ಹೊಡೆದ ಹಾಗೆ ಒಂದು ಉಸಿರು ಎಳೆದರು. ‘ಉಸಿರಾಡ್ತಿದ್ದಾರೆ, ಎಲ್ಲ ಹಿಂದೆ ಸರಿಯಿರಿ, ಗಾಳಿ ಬರಲಿ’ ಅಂದೆ. ಎಲ್ಲರೂ ಹಿಂದೆ ಸರಿದರು. ನಾನೂ ಸುಮ್ನೆ ಕೂತೆ.

ತುರ್ತು ನಂಬರಿಗೆ ಫೋನ್ ಮಾಡಿದ್ದ ಹುಡುಗಿ ಸ್ಪೀಕರ್ ಹಾಕಿದಳು. ಆ ಕಡೆಯ ದನಿ ಹೇಳಿತು: ‘ಅವರು ಉಸಿರೆಳೆದಾಗಲೆಲ್ಲ “ಈಗ” ಅನ್ನಿ.’ ‘ಈಗ’ ಅಂದೆ. ಕಾದೆ. ಮತ್ತೂ ಕಾದೆ. ಎರಡನೇ ‘ಈಗ’ ನನ್ನ ಬಾಯಿಗೆ ಬರುವ ಮೊದಲೇ ಆ ದನಿ ಕೇಳಿಸಿತು: ‘ಎದೆ ಒತ್ತೋಕೆ ಶುರುಮಾಡಿ.’

ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರಲ್ಲಿ ಹೀಗೆ ಬಿಟ್ಟುಬಿಟ್ಟು ತೇಕುವ ಉಸಿರು ಬರುತ್ತದೆ. ನೀರಿನಿಂದ ಹೊರಗೆ ಬಿದ್ದ ಮೀನು ಬಾಯಿ ಬಿಡುತ್ತದಲ್ಲ, ಹಾಗೆ. ಅದನ್ನು ಉಸಿರಾಟದ ಲೆಕ್ಕಕ್ಕೆ ಹಿಡಿಯಬಾರದು. ಇದು ನನ್ನ ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಸರಿ ಉತ್ತರವನ್ನೂ ಬರೆದಿದ್ದೆ. ಆದರೆ ಗೊಂಬೆ ಎಂದೂ ತೇಕುವುದಿಲ್ಲ ನೋಡಿ. ಅದನ್ನು ನಾನು ಕಣ್ಣಾರೆ ಕಂಡಿರಲಿಲ್ಲ.

ಅವರು ಬದುಕಿದರಾ? ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಇಲ್ಲ, ಬದುಕಲಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ಹೆಚ್ಚಿನ ಕಡೆ ಹತ್ತಕ್ಕೆ ಒಬ್ಬರು, ಇಲ್ಲವೇ ಅದಕ್ಕೂ ಕಡಿಮೆ. ಸಿನಿಮಾದಲ್ಲಿ ನಾಲ್ಕು ಸಲ ಒತ್ತಿದರೆ ಎದ್ದು ಕೂತು ಕೆಮ್ಮುತ್ತಾರೆ. ಅದನ್ನು ನಂಬಿ ಬಂದವರಿಗೆ ನಾನು ಮೊದಲೇ ಇದನ್ನು ಹೇಳಿಬಿಡುತ್ತೇನೆ.

ಹಾಗಿದ್ದರೆ ಯಾಕೆ ಒತ್ತಬೇಕು? ಹೃದಯ ನಿಂತರೂ ರಕ್ತದಲ್ಲಿ ಸ್ವಲ್ಪ ಹೊತ್ತು ಆಮ್ಲಜನಕ ಉಳಿದಿರುತ್ತದೆ. ಅದನ್ನು ಮಿದುಳಿಗೆ ತಲುಪಿಸುವ ಪಂಪು ಮಾತ್ರ ನಿಂತಿರುತ್ತದೆ. ನಾಲ್ಕೈದು ನಿಮಿಷ ಹೀಗೇ ಬಿಟ್ಟರೆ ಮಿದುಳು ಕೆಡಲು ಶುರುವಾಗುತ್ತದೆ. ಯಾರೂ ಕೈ ಹಾಕದಿದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಅಷ್ಟು ಬೇಗ ಆಂಬುಲೆನ್ಸ್ ಬರುವ ಊರುಗಳು ಕಡಿಮೆ. ಪಕ್ಕದಲ್ಲಿ ಇರುವವರು ಯಾರೋ, ಆ ಹೊತ್ತಿಗೆ ಪಂಪು ಅವರೇ.

ಎದೆಯನ್ನು ಸೀಳದೆ, ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದು ಎಂಬುದು ಗೊತ್ತಾದದ್ದು ಒಂದು ಆಕಸ್ಮಿಕದಿಂದ. 1950ರ ದಶಕದ ಕೊನೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಮೇಲೆ ಹೃದಯಕ್ಕೆ ಶಾಕ್ ಕೊಡುವ ಪ್ರಯೋಗ ನಡೆಯುತ್ತಿತ್ತು. ಗೈ ನಿಕರ್‌ಬಾಕರ್ ಎಂಬ ಯುವಕ ಒಂದು ವಿಷಯ ಗಮನಿಸಿದರು. ಶಾಕ್ ಕೊಡುವ ಮೊದಲೇ, ಅದಕ್ಕೆ ಬಳಸುವ ಭಾರದ ಪ್ಯಾಡಲ್‌ಗಳನ್ನು ಎದೆಗೆ ಗಟ್ಟಿಯಾಗಿ ಒತ್ತಿದಾಗಲೇ, ರಕ್ತದ ಒತ್ತಡ ಸ್ವಲ್ಪ ಏರುತ್ತಿತ್ತು. ಅವರು, ಎಲೆಕ್ಟ್ರಿಕಲ್ ಎಂಜಿನಿಯರ್ ವಿಲಿಯಂ ಕೌವನ್‌ಹೋವನ್ ಮತ್ತು ಸರ್ಜನ್ ಜೇಮ್ಸ್ ಜೂಡ್ ಸೇರಿ 1960ರಲ್ಲಿ ಪ್ರಬಂಧ ಪ್ರಕಟಿಸಿದರು. ಇದಕ್ಕೆ ಎರಡು ಕೈ ಇದ್ದರೆ ಸಾಕು ಎಂಬ ಮಾತು ಅದರಲ್ಲೇ ಇದೆ. ಮೂವರಲ್ಲಿ ಡಾಕ್ಟರ್ ಒಬ್ಬರೇ ಎಂಬುದು ನನಗಂತೂ ಖುಷಿ ಕೊಡುವ ವಿಷಯ.

ಇಂಥ ಗೊಂಬೆಯೂ ಬಂದದ್ದು ಅದೇ ವರ್ಷ. ನಾರ್ವೆಯಲ್ಲಿ ಆಟಿಕೆ ಮಾಡುತ್ತಿದ್ದ ಆಸ್ಮುಂಡ್ ಲಾರ್ಡಲ್ ಇದನ್ನು ತಯಾರಿಸಿದರು. ಮುಖಕ್ಕೆ ಅವರು ಆರಿಸಿಕೊಂಡದ್ದು ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ಹುಡುಗಿಯದು ಎಂದು ಹೇಳುತ್ತಾ ಬಂದಿರುವ ಒಂದು ಮುಖವಾಡವನ್ನು. ಆಕೆ ಯಾರೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಲೆಕ್ಕವಿಲ್ಲದಷ್ಟು ಜನ ಆ ಬಾಯಿಗೆ ಉಸಿರು ಊದಿದ್ದಾರೆ.

ಸರಿ, ಒತ್ತುವುದು ಹೇಗೆ? ನೋಡಿಕೊಳ್ಳಿ. ಗಟ್ಟಿ ನೆಲ ಬೇಕು, ಹಾಸಿಗೆ ಮೇಲೆ ಆಗುವುದಿಲ್ಲ. ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ. ಅದರ ಮೇಲೆ ಇನ್ನೊಂದು ಕೈ. ಭುಜ ನೇರವಾಗಿ ಕೈಯ ಮೇಲೆ ಬರಬೇಕು, ಮೊಣಕೈ ಮಡಚಬಾರದು. ಎಲ್ಲರೂ ತಪ್ಪುವುದು ಇಲ್ಲೇ. ತೋಳಿನ ಬಲದಿಂದ ಒತ್ತಿದರೆ ಒಂದೇ ನಿಮಿಷಕ್ಕೆ ಸುಸ್ತಾಗುತ್ತದೆ. ಸೊಂಟದಿಂದ ಬಾಗಿ, ಮೈಭಾರ ಹಾಕಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ನಿಮಿಷಕ್ಕೆ 100ರಿಂದ 120 ಸಲ. ಅಂದರೆ ಸೆಕೆಂಡಿಗೆ ಎರಡು ಅಂದುಕೊಂಡರೂ ಆಯಿತು.

ಆಳದಷ್ಟೇ ಮುಖ್ಯವಾದದ್ದು ಕೈ ಸಡಿಲಿಸುವುದು. ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಬೇಕು. ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು ಆಗಲೇ. ಸುಸ್ತಾದವರು ತಮಗೇ ಗೊತ್ತಿಲ್ಲದೆ ಎದೆ ಮೇಲೆ ಒರಗಿಬಿಡುತ್ತಾರೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ ಎನ್ನುವುದು. ಎರಡು ನಿಮಿಷ ಏನು ಮಹಾ ಅಂತ ಅನ್ನಿಸುತ್ತದೆ ಅಲ್ವಾ? ಒತ್ತಿ ನೋಡಿ, ಆಮೇಲೆ ಮಾತಾಡೋಣ.

ಪಕ್ಕೆಲುಬು ಮುರಿದರೆ? ಮುರಿಯಬಹುದು, ‘ಲಟಕ್’ ಅಂತ ಶಬ್ದವೂ ಬರಬಹುದು. ನಿಲ್ಲಿಸಬೇಡಿ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಬಿದ್ದವರು ಹೆಂಗಸಾದರೆ ಜನ ಎದೆ ಮುಟ್ಟಲು ಹಿಂಜರಿಯುತ್ತಾರೆ. ಇದಕ್ಕೆ ನಾವು ಕಲಿಸುವವರೂ ಕಾರಣ, ಮುಖ ಹುಡುಗಿಯದಾದರೂ ನಮ್ಮ ಗೊಂಬೆಗಳೆಲ್ಲ ಗಂಡಸಿನ ಚಪ್ಪಟೆ ಎದೆಯವು. ಒತ್ತುವ ಜಾಗ ಇಬ್ಬರಿಗೂ ಒಂದೇ.

ಬಾಯಿಗೆ ಬಾಯಿ ಇಟ್ಟು ಊದಲು ಬಾರದಿದ್ದರೆ, ಮನಸ್ಸಿಲ್ಲದಿದ್ದರೆ, ಬರೀ ಒತ್ತಿದರೂ ಸರಿ. ಬಂದರೆ 30 ಸಲ ಒತ್ತಿ 2 ಸಲ ಊದಿ. ಮಕ್ಕಳಿಗೆ ಮತ್ತು ನೀರಲ್ಲಿ ಮುಳುಗಿದವರಿಗೆ ಮಾತ್ರ ಆ ಊದುವುದು ತುಂಬಾ ಮುಖ್ಯ, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಉಸಿರು, ಹೃದಯ ಆಮೇಲೆ.

ಇನ್ನೊಂದು ಗೊಂದಲ. ಎದೆನೋವು ಅಂತ ಬೆವರುತ್ತಾ ಮಾತಾಡುತ್ತಿರುವವರ ಎದೆ ಒತ್ತಬೇಡಿ! ಅದು ಹಾರ್ಟ್ ಅಟ್ಯಾಕ್ ಆಗಿರಬಹುದು, ಆದರೆ ಹೃದಯ ಇನ್ನೂ ಓಡುತ್ತಿದೆ. ಅವರಿಗೆ ಬೇಕಾದದ್ದು ಕೂರಿಸುವುದು, ಆಂಬುಲೆನ್ಸ್ ಕರೆಸುವುದು. ಪ್ರಜ್ಞೆ ಇಲ್ಲ, ಉಸಿರು ಸರಿಯಿಲ್ಲ ಅಂದಾಗ ಮಾತ್ರ ಒತ್ತುವುದು. ನೋಡಲು 10 ಸೆಕೆಂಡಿಗಿಂತ ಜಾಸ್ತಿ ತಗೋಬೇಡಿ.

ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಪೆಟ್ಟಿಗೆ, ಹತ್ತಿರದಲ್ಲಿದ್ದರೆ ಯಾರಿಗಾದರೂ ತರಲು ಹೇಳಿ. ಆನ್ ಮಾಡಿದರೆ ಅದೇ ಮಾತಾಡಿ ದಾರಿ ತೋರಿಸುತ್ತದೆ. ಬೇಡದವರಿಗೆ ಅದು ಶಾಕ್ ಕೊಡುವುದಿಲ್ಲ, ಹೆದರಬೇಡಿ.

ಉಳಿದ ಪ್ರಥಮ ಚಿಕಿತ್ಸೆಯಲ್ಲಿ ಅರ್ಧ ಪಾಠ ‘ಏನು ಮಾಡಬಾರದು’ ಎಂಬುದೇ. ಸುಟ್ಟರೆ ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಪೇಸ್ಟ್ ಬೇಡ. ಮೂಗಲ್ಲಿ ರಕ್ತ ಬಂದರೆ ತಲೆ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗ ಒತ್ತಿ ಹಿಡಿಯಿರಿ. ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಫಿಟ್ಸ್ ಬಂದವರ ಬಾಯಿಗೆ ಏನನ್ನೂ ತುರುಕಬೇಡಿ. ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ, ಎಷ್ಟು ಹೊತ್ತು ಇತ್ತು ಎಂದು ಗಡಿಯಾರ ನೋಡಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡವರು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ ಬೆನ್ನಿಗೆ ಐದು ಗುದ್ದು, ಹೊಟ್ಟೆಗೆ ಐದು ಒತ್ತು. ಕೂಸುಗಳಿಗೆ ಕ್ರಮ ಬೇರೆ, ಅದನ್ನು ಪುಟ್ಟ ಗೊಂಬೆಯಲ್ಲೇ ತೋರಿಸುತ್ತೇನೆ.

ಈಗ ಸರ್ಟಿಫಿಕೇಟ್ ವಿಷಯ. ಅರ್ಧ ಜನ ಅದಕ್ಕೇ ಬಂದಿದ್ದೀರಿ ಅಂತ ಗೊತ್ತು. ಆಫೀಸಲ್ಲಿ ಕೇಳಿರುತ್ತಾರೆ, ಜಿಮ್‌ನಲ್ಲಿ ಕೇಳಿರುತ್ತಾರೆ, ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬೇಕಾಗಿರುತ್ತದೆ. ತಪ್ಪೇನಿಲ್ಲ. ಆದರೆ ದುಡ್ಡು ಕಟ್ಟುವ ಮೊದಲು ವಿಚಾರಿಸಿ. ನಿಮ್ಮ ಕೆಲಸದವರು ಯಾವ ಸಂಸ್ಥೆಯದನ್ನು ಒಪ್ಪುತ್ತಾರೆ? ಒಂದು ಗೊಂಬೆಗೆ ಎಷ್ಟು ಜನ? ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದೇ. ಹತ್ತು ಜನಕ್ಕೆ ಒಂದು ಗೊಂಬೆಯಾದರೆ ನೀವು ಜಾಸ್ತಿ ಹೊತ್ತು ನೋಡುವುದೇ ಆಗುತ್ತದೆ. ನರ್ಸುಗಳಿಗೆ, ಡಾಕ್ಟರುಗಳಿಗೆ ಇರುವ ಕೋರ್ಸ್ ಬೇರೆ, ಸಾಮಾನ್ಯ ಜನಕ್ಕೆ ಇರುವುದು ಬೇರೆ. ಓದುವ ಭಾಗವನ್ನು ಆನ್‌ಲೈನಲ್ಲಿ ಮುಗಿಸಿ, ಒತ್ತುವುದನ್ನು ಎದುರಿಗೇ ಬಂದು ಕಲಿಯುವ ಕೋರ್ಸುಗಳೂ ಇವೆ, ಅವು ಚೆನ್ನಾಗಿವೆ. ಒಂದು ವಿಡಿಯೊ ನೋಡಿ, ಹತ್ತು ಪ್ರಶ್ನೆಗೆ ಟಿಕ್ ಹಾಕಿದರೆ ಅರ್ಧ ಗಂಟೆಯಲ್ಲಿ ಪಿಡಿಎಫ್ ಬಂದುಬೀಳುತ್ತದೆಯಲ್ಲ, ಅದನ್ನು ಎಷ್ಟೋ ಕಡೆ ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಇದರ ಅವಧಿ ಹೆಚ್ಚಾಗಿ 2 ವರ್ಷ, ಕೆಲವು ಕಡೆ 3. ಅದನ್ನು ದುಡ್ಡು ಮಾಡುವ ದಾರಿ ಎನ್ನುವವರಿದ್ದಾರೆ. ಆದರೆ ಅದಕ್ಕೆ ಎರಡು ನಿಜವಾದ ಕಾರಣಗಳಿವೆ. ಮೊದಲನೆಯದು, ನಿಯಮಗಳೇ ಬದಲಾಗುತ್ತವೆ. 2005ರವರೆಗೆ ದೊಡ್ಡವರಿಗೆ 15 ಒತ್ತು, 2 ಉಸಿರು ಇತ್ತು, ಆಮೇಲೆ 30 ಆಯಿತು. ಎರಡನೆಯದು, ಕೈ ಮರೆಯುತ್ತದೆ. ಮೂರರಿಂದ ಆರು ತಿಂಗಳಲ್ಲೇ ಆಳ, ವೇಗ ಎರಡೂ ತಪ್ಪತೊಡಗುತ್ತವೆ. ಸರ್ಟಿಫಿಕೇಟಿನ ತಾರೀಕು ಇನ್ನೂ ಮುಗಿದಿರುವುದಿಲ್ಲ, ಕೈಯದು ಮುಗಿದಿರುತ್ತದೆ. ಹಾಗಾಗಿ ಎರಡು ವರ್ಷ ಕಾಯಬೇಡಿ. ಮೂರು ತಿಂಗಳಿಗೊಮ್ಮೆ ಗಟ್ಟಿ ದಿಂಬೊಂದನ್ನು ನೆಲಕ್ಕೆ ಹಾಕಿ, ಮೊಬೈಲಲ್ಲಿ ಟೈಮರ್ ಇಟ್ಟು ಎರಡು ನಿಮಿಷ ಒತ್ತಿ. ಆಳ ಅಂದಾಜಿಗೆ ಸಿಗದಿದ್ದರೂ ವೇಗ ನೆನಪಿಗೆ ಬರುತ್ತದೆ.

ಕೈಗೆ ಒಮ್ಮೆ ಕೂತದ್ದು ಹೋಗುವುದೂ ಕಷ್ಟ, ಅದನ್ನೂ ಹೇಳಬೇಕು. ನನಗೆ ಕಲಿಸಿದವರು 15ರ ಕಾಲದವರು. 30ನ್ನು ಎಷ್ಟೋ ವರ್ಷ ಪಾಠ ಮಾಡಿದ ಮೇಲೂ, ಎಣಿಸುತ್ತಾ 15 ಬಂತೆಂದರೆ ಅವರ ಕೈ ಒಂದು ಕ್ಷಣ ತಡೆಯುತ್ತಿತ್ತು. ಆಮೇಲೆ ಅವರೇ ನಕ್ಕು, 16, 17 ಅಂತ ಮುಂದೆ ಹೋಗುತ್ತಿದ್ದರು.

ಬನ್ನಿ, ಗೊಂಬೆಯನ್ನು ನೆಲಕ್ಕೆ ಇಳಿಸೋಣ. ವಾಚು, ಬಳೆ ತೆಗೆದಿಡಿ. ಸಾಕಷ್ಟು ಒತ್ತಿದಾಗ ಒಳಗಿನಿಂದ ‘ಟಕ್’ ಅನ್ನುತ್ತದೆ, ಅದು ಪ್ರತಿ ಸಲವೂ ಕೇಳಿಸಬೇಕು. ಎಣಿಕೆ ಬಾಯಿಬಿಟ್ಟು, ಜೋರಾಗಿ. ಮೊದಲು ಯಾರು?