ಐಸ್ ಕಾಯುವ ಖರ್ಚು

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆಯವ, ಇಪ್ಪತ್ತೆರಡು ವರ್ಷ ಐಸ್ ಪ್ಲಾಂಟಲ್ಲಿ ದುಡಿದವ. ಇವತ್ತು ಹಾಕಿ ವಿಷಯ ಮಾತಾಡ್ತೇನೆ, ಮೈದಾನದ ಹಾಕಿ ಅಲ್ಲ, ಐಸ್ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡ್ತಾರಲ್ಲ, ಅದು. ಅಕ್ಕನ ಮಗ, ನಮ್ಮ ಅಳಿಯ, ಅಮೆರಿಕದಲ್ಲಿ ಎಂಎಸ್ ಮಾಡ್ತಿದ್ದಾನೆ, ಸಣ್ಣದಿರುವಾಗ ಇಲ್ಲೇ ರೋಲರ್ ಸ್ಕೇಟಿಂಗ್ ಕಲ್ತಿದ್ದ, ಅಲ್ಲಿ ಹೋಗಿ ಕಾಲೇಜಿನ ಕ್ಲಬ್ ಟೀಮಿಗೆ ಸೇರಿದ.

ಮೊನ್ನೆ ವೀಡಿಯೊ ಕಾಲ್ ಮಾಡಿದ, ಅಲ್ಲಿ ರಾತ್ರಿ ಹನ್ನೊಂದೂವರೆ. ಈಗ ಎಂಥ ಪ್ರ್ಯಾಕ್ಟೀಸ್ ಮಾರಾಯ ಅಂತ ಕೇಳಿದೆ. "ಮಾವ, ಸಂಜೆ ರಿಂಕಿನ ಬಾಡಿಗೆ ಜಾಸ್ತಿ, ನಮ್ಮ ದುಡ್ಡಿಗೆ ಸಿಗೋದು ಈ ಟೈಮೇ" ಅಂದ. ರಿಂಕ್ ಅಂದ್ರೆ ಐಸ್ ಹಾಕಿದ ಆಟದ ಅಂಗಳ. ಗೋಲ್‌ಕೀಪರ್ ಹುಡುಗನ ಕಾಲಿನ ಪ್ಯಾಡ್ ತೋರಿಸಿದ, ಹೊಲಿಗೆ ಬಿಟ್ಟು ಒಳಗಿನ ಸ್ಪಂಜು ಹೊರಗೆ ಬಂದಿದೆ, ಅದಕ್ಕೆ ಟೇಪಿನ ಮೇಲೆ ಟೇಪು. ಈ ಆಟದಲ್ಲಿ ಚೆಂಡಿನ ಬದಲು ಪಕ್, ಅಂದ್ರೆ ಮೂರಿಂಚು ಅಗಲದ ಗಟ್ಟಿ ರಬ್ಬರ್ ಬಿಲ್ಲೆ, ಸುಮಾರು 170 ಗ್ರಾಂ, ಕಲ್ಲು ಬಂದ ಹಾಗೆ ಬರ್ತದೆ. ಆ ಪ್ಯಾಡ್ ನೋಡಿ ನಂಗೆ ಹೊಟ್ಟೆಯೊಳಗೆ ಚುರುಕ್ ಅಂತು.

ಐಸಿಗೆ ಯಾಕೆ ಅಷ್ಟು ದುಡ್ಡು ಅಂತ ನಂಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ನಮ್ಮ ಪ್ಲಾಂಟಲ್ಲಿ ಅಮೋನಿಯಾ ಕಂಪ್ರೆಸರ್, ಉಪ್ಪುನೀರಿನ ಟ್ಯಾಂಕು, ಅದರೊಳಗೆ ಕ್ಯಾನ್ ಇಳಿಸಿದ್ರೆ ನೀರು ಗಟ್ಟಿಯಾಗಿ ಬ್ಲಾಕ್ ಆಗ್ತದೆ. ಅಲ್ಲಿ ಎಷ್ಟೋ ರಿಂಕುಗಳಲ್ಲಿ ಇದೇ ಅಮೋನಿಯಾ, ಇದೇ ಉಪ್ಪುನೀರು, ಕಾಂಕ್ರೀಟ್ ನೆಲದೊಳಗೆ ಪೈಪಲ್ಲಿ ಓಡ್ತದೆ, ಮೇಲೆ 200 ಅಡಿ ಉದ್ದ 85 ಅಡಿ ಅಗಲಕ್ಕೆ ಒಂದಿಂಚು, ಒಂದೂವರೆ ಇಂಚು ಐಸು. ಆದ್ರೆ ನಮ್ಮ ಬ್ಲಾಕ್ ಬೋಟಿಗೆ ಹೋದ್ರೆ ನಮ್ಮ ಜವಾಬ್ದಾರಿ ಮುಗೀತು, ಜೂನ್ ಜುಲೈ ಟ್ರಾಲಿಂಗ್ ಬಂದ್ ಆದ್ರೆ ಮಷಿನಿಗೂ ರೆಸ್ಟು. ಅಲ್ಲಿ ಸೀಸನ್ ಇಡೀ ಆ ಐಸನ್ನ ಕಾಯ್ಬೇಕು, ಯಾರು ಆಡಿದ್ರೂ ಆಡದಿದ್ರೂ ಮೀಟರ್ ತಿರುಗ್ತಾ ಇರ್ತದೆ.

ಕ್ಲಬ್ ಟೀಮುಗಳಿಗೆ ಅಂತ 1991ರಲ್ಲಿ ಎಸಿಎಚ್‌ಎ (ಅಮೆರಿಕನ್ ಕಾಲೇಜಿಯೇಟ್ ಹಾಕಿ ಅಸೋಸಿಯೇಶನ್) ಅಂತ ಒಂದು ಸಂಘಟನೆ ಆಯ್ತು. ಆ ಟೀಮುಗಳಲ್ಲಿ ಹೆಚ್ಚಿನ ಕಡೆ ಖರ್ಚಿನ ದೊಡ್ಡ ಪಾಲು ಹುಡುಗರ ಕಿಸೆಯಿಂದಲೇ. ಕಾಲೇಜೇ ನಡೆಸುವ ದೊಡ್ಡ ಟೀಮುಗಳೂ ಸುಖವಾಗಿಲ್ಲ. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ 2020ರ ಮೇ ತಿಂಗಳಲ್ಲಿ ಟೀಮ್ ಬಂದ್ ಅಂದ್ರು, ಅಭಿಮಾನಿಗಳು ಒಂದೇ ವಾರದಲ್ಲಿ ದುಡ್ಡು ಕೂಡಿಸಿ ಉಳಿಸಿದ್ರು, ಮರುವರ್ಷ ಸೇರಿಸಿಕೊಳ್ಳುವ ಲೀಗೇ ಸಿಗದೆ ನಿಂತೋಯ್ತು. ಅಲಾಸ್ಕಾದ ಆಂಕರೇಜಿನಲ್ಲೂ 2020ರಲ್ಲೇ ಟೀಮ್ ತೆಗೀಲಿಕ್ಕೆ ತೀರ್ಮಾನ ಆಯ್ತು, ಅಲ್ಲಿಯವರಿಗೆ ಎರಡು ವರ್ಷದ ಖರ್ಚು ತನ್ನಿ ಅಂದ್ರು, ಊರವರು 30 ಲಕ್ಷ ಡಾಲರ್ ಒಟ್ಟು ಮಾಡಿದ್ರು, 2022ರಲ್ಲಿ ಟೀಮ್ ಮತ್ತೆ ಐಸಿಗಿಳೀತು. ಎರಡು ವರ್ಷದ ದುಡ್ಡು ಕೇಳಿದವರು ಸರಿಯಾಗೇ ಕೇಳಿದ್ರು ಅಂತ ನನ್ನ ಅಭಿಪ್ರಾಯ. ಒಮ್ಮೆ ಕಣ್ಣೀರು ಹಾಕಿ ಎತ್ತಿದ ದುಡ್ಡು ಒಂದು ಸೀಸನಿಗೆ ಸಾಕು, ಆಮೇಲೆ?

ನಮ್ಮ ಕಟೀಲು ಯಕ್ಷಗಾನ ಮೇಳ ನೋಡಿ. ಹರಕೆ ಆಟಕ್ಕೆ ಎಷ್ಟೋ ವರ್ಷ ಮುಂಚೆಯೇ ಬುಕ್ಕಿಂಗು, ಒಂದೊಂದು ಮನೆಯವರು ಒಂದೊಂದು ರಾತ್ರಿ ಹೊತ್ತುಕೊಳ್ತಾರೆ, ಹಾಗಾಗಿ ಬರುವ ವರ್ಷ ವೇಷಧಾರಿಗೆ ಸಂಬಳ ಉಂಟಾ ಇಲ್ವಾ ಅಂತ ಯಾರೂ ಹೆದರ್ಬೇಕಾಗಿಲ್ಲ.

ಅಳಿಯನಿಗೆ ಇದನ್ನೇ ಹೇಳಿದೆ. ನಿಮ್ಮ ಟೀಮಲ್ಲಿ ಆಡಿ ಹೋದ ಹಳಬರ ಹೆಸರು, ಫೋನ್ ನಂಬರ್ ಬರ್ದಿಟ್ಟಿದ್ದೀರಾ, ಒಬ್ಬೊಬ್ಬರು ಒಂದೊಂದು ರಾತ್ರಿಯ ಐಸ್ ಹೊತ್ತುಕೊಳ್ಳಲಿ, ವರ್ಷ ವರ್ಷ. ಬರ್ದಿಟ್ಟಿಲ್ಲ ಮಾವ, ಅಂದ. ನಿನ್ನೆ ಮೆಸೇಜ್ ಬಂತು, ಹದಿನಾಲ್ಕು ಹೆಸರು ಸಿಕ್ಕಿದೆಯಂತೆ, ಅದರಲ್ಲಿ ಒಬ್ಬ ಹಳೇ ಗೋಲ್‌ಕೀಪರ್, ಮೊದಲು ಆ ಪ್ಯಾಡ್ ನಾನು ಕೊಡಿಸ್ತೇನೆ ಅಂದಿದ್ದಾನಂತೆ.