ಪ್ರಿಂಟ್ ಆದ ಮೇಲೆಯೇ ನಿಜವಾದ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ. ಬೆಳಗಾವಿ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲಿ ದುಡಿಯುವವರು, ಐಟಿಐ, ಡಿಪ್ಲೊಮಾ ಓದುವ ಮಕ್ಕಳು ಸ್ವಲ್ಪ ಲಕ್ಷ್ಯಗೊಟ್ಟು ಕೇಳ್ರಿ. ರಾಕೆಟ್ ಎಂಜಿನ್ನನ್ನು ಈಗ ತ್ರೀಡಿ ಪ್ರಿಂಟರ್‌ನಲ್ಲಿ ಮಾಡುತ್ತಾರೆ. ಗುಂಡಿ ಒತ್ತಿದರೆ ಎಂಜಿನ್ ಬರುತ್ತದೆ, ಇನ್ನು ಕೈಕೆಲಸದವರು ಯಾಕೆ ಎನ್ನುವವರಿದ್ದಾರೆ. ಅದು ತಪ್ಪು. ಪ್ರಿಂಟ್ ಆದ ಮೇಲೆಯೇ ನಿಜವಾದ ಕೆಲಸ ಸುರು.

ಇಸ್ರೋದ ಪಿಎಸ್4 ಎಂಜಿನ್ ಕಥೆ ಹೇಳಲೇಬೇಕು. ಉಪಗ್ರಹ ಹಾರಿಸುವ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತವನ್ನು ತಳ್ಳುವುದು ಇದೇ. ಹಳೆಯ ಪದ್ಧತಿಯಲ್ಲಿ ಇದಕ್ಕೆ 14 ಬಿಡಿಭಾಗ. ಬಡಿದು ರೂಪಿಸಿದ ಫೋರ್ಜಿಂಗ್, ಶೀಟ್ ಎಲ್ಲ ಸೇರಿ ಒಂದು ಎಂಜಿನ್ನಿಗೆ 565 ಕಿಲೋ ಲೋಹ! ಬಹುಪಾಲು ಕೊರೆದು ತೆಗೆಯುವುದರಲ್ಲೇ ಹೋಗುತ್ತಿತ್ತು. ವಿನ್ಯಾಸ ಬದಲಿಸಿ ಪ್ರಿಂಟ್ ಮಾಡಿದಾಗ 14 ಭಾಗ ಒಂದೇ ಆಯಿತು, 19 ವೆಲ್ಡ್ ಜೋಡಣೆ ಇಲ್ಲವಾದವು, ಲೋಹದ ಪುಡಿ ಸಾಕಾದದ್ದು 13.7 ಕಿಲೋ. ತಯಾರಿಕೆಯ ಸಮಯ ಶೇ. 60ರಷ್ಟು ಇಳಿಯಿತು. ಪ್ರಿಂಟ್ ಮಾಡಿದ್ದು ಬೆಂಗಳೂರಿನ ವಿಪ್ರೋ ತ್ರೀಡಿ. ಹಾಗಂತ ನೇರವಾಗಿ ರಾಕೆಟ್ಟಿಗೆ ಕೂಡಿಸಲಿಲ್ಲ. ಮೊದಲು ಪ್ರಿಂಟ್ ಮಾಡಿದ ಇಂಜೆಕ್ಟರ್ ತಲೆಯನ್ನಷ್ಟೇ, ಅಂದರೆ ಇಂಧನ ಸಿಂಪಡಿಸುವ ಭಾಗವನ್ನಷ್ಟೇ, ಎಂಜಿನ್ನಿಗೆ ಕೂಡಿಸಿ ಉರಿಸಿ ನೋಡಿದರು. ಆಮೇಲೆ ಬೆಂಕಿಯಿಲ್ಲದೆ ದ್ರವ ಹರಿಸಿ ಅಳೆದರು. ನಂತರ ಇಡೀ ಎಂಜಿನ್ನನ್ನು ನಾಲ್ಕು ಸಲ ಉರಿಸಿದರು, ಒಟ್ಟು 74 ಸೆಕೆಂಡು. 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯ ಇಸ್ರೋ ಕೇಂದ್ರದಲ್ಲಿ 665 ಸೆಕೆಂಡು ಒಂದೇ ಸಮನೆ ಉರಿಯಿತು. ಎಷ್ಟು ಚಂದದ ಕೆಲಸ ನೋಡ್ರಿ!

ಪ್ರಿಂಟ್ ಮಾಡುವ ವಿಧಾನ ಸರಳ. ಕೂದಲೆಳೆಗಿಂತ ತೆಳುವಾಗಿ ಪುಡಿ ಹರಡಿ, ಆರ್ಗಾನ್ ಅನಿಲದೊಳಗೆ ಲೇಸರ್‌ನಿಂದ ಬೇಕಾದ ಕಡೆ ಕರಗಿಸುವುದು, ಮತ್ತೆ ಪುಡಿ ಹರಡುವುದು. ಎಂಜಿನ್ನಿನೊಳಗಿನ ಬೆಂಕಿ 3000 ಡಿಗ್ರಿ ದಾಟುತ್ತದೆ, ಅಷ್ಟು ಬಿಸಿಗೆ ಗೋಡೆಯ ಲೋಹ ಕರಗಬೇಕು. ಕರಗದಿರಲೆಂದು ಗೋಡೆಯೊಳಗೆ ಸಣ್ಣ ಕಾಲುವೆಗಳಿರುತ್ತವೆ. ಇಂಧನ ಉರಿಯುವ ಮೊದಲು ಅವುಗಳಲ್ಲಿ ಹರಿದು ಗೋಡೆ ತಣಿಸುತ್ತದೆ.

ಕೆಡುವುದು ಇಲ್ಲೇ. ಎರಕದಲ್ಲಿ ಟೊಳ್ಳು ಬಿಡಲು ಇಟ್ಟ ಕೋರ್ ಮರಳು ಒಳಗೇ ಉಳಿದಂತೆ, ಕಾಲುವೆಯಲ್ಲಿ ಪುಡಿ ಉಳಿಯುತ್ತದೆ. ಒಂದು ಕಾಲುವೆ ಕಟ್ಟಿತೋ, ಆ ಜಾಗ ತಣಿಯುವುದಿಲ್ಲ, ಗೋಡೆ ತೂತು ಬೀಳುತ್ತದೆ. ಆದ್ದರಿಂದ ಹೀಟ್ ಟ್ರೀಟ್‌ಮೆಂಟಿಗೆ, ಅಂದರೆ ಭಟ್ಟಿಯಲ್ಲಿ ಕಾಯಿಸಿ ಲೋಹದೊಳಗಿನ ಒತ್ತಡ ಇಳಿಸುವುದಕ್ಕೆ, ಮೊದಲೇ ಭಾಗವನ್ನು ತಿರುಗಿಸಿ, ಅದುರಿಸಿ, ಒಣ ಅನಿಲ ಊದಿ ಪುಡಿ ತೆಗೆಯಬೇಕು. ಭಟ್ಟಿಗೆ ಹಾಕಿದ ಮೇಲೆ ಪುಡಿ ಒಳಗೇ ಬೆಸೆದುಕೊಳ್ಳುತ್ತದೆ, ಆಮೇಲೆ ಯಾರಿಂದಲೂ ಆಗದು. ಅದಕ್ಕೇ ಭಟ್ಟಿಗೆ ಹಾಕುವ ಮೊದಲು ತೂಕ ನೋಡಿ ಲೆಕ್ಕದ ತೂಕಕ್ಕೆ ಹೋಲಿಸಿ, ಸಿಟಿ ಸ್ಕ್ಯಾನ್ ಮಾಡಿ, ಪುಡಿ ಪೂರ್ತಿ ಹೋಯಿತೇ ಎಂದು ಖಚಿತ ಮಾಡಿಕೊಳ್ಳಿ. ಪ್ರಿಂಟ್ ಆಗುವಾಗ ಭಾಗ ಅಂಟಿಕೊಂಡ ಪ್ಲೇಟಿನಿಂದ ಅದನ್ನು ಬಿಡಿಸುವ ವೈರ್ ಕಟ್ಟಿಂಗ್ ಹೀಟ್ ಟ್ರೀಟ್‌ಮೆಂಟಿನ ನಂತರವೇ, ಮೊದಲೇ ಬಿಡಿಸಿದರೆ ಒಳಗಿನ ಒತ್ತಡಕ್ಕೆ ಭಾಗ ಸೊಟ್ಟಗಾಗುತ್ತದೆ. ಸೀಲ್ ಕೂರುವ ಮುಖ, ಸ್ಕ್ರೂ ಕೂರುವ ಥ್ರೆಡ್ ಎರಡೂ ಮಷಿನ್ ಮೇಲೇ ಆಗಬೇಕು. ಮತ್ತೆ ಹೇಳುತ್ತೇನೆ, ಪ್ರಿಂಟ್ ಆದ ಮೇಲೆಯೇ ಕೆಲಸ.

ಸಮಯ ಮುಗಿಯುತ್ತಾ ಬಂತು. ಚೆನ್ನೈನ ಅಗ್ನಿಕುಲ್ ಕಂಪನಿ ಒಂದೇ ತುಂಡಾಗಿ ಪ್ರಿಂಟ್ ಮಾಡಿದ ಎಂಜಿನ್ನನ್ನು 2024ರ ಮೇ 30ರಂದು ಶ್ರೀಹರಿಕೋಟಾದಿಂದ ಹಾರಿಸಿತು.  ಕೊನೆಗೆ, ಕಲಿಯುವ ಮಕ್ಕಳಿಗೆ: ಮಾಸ್ಕ್, ಗ್ಲೌಸ್ ಇಲ್ಲದೆ ಪುಡಿ ಮುಟ್ಟಬೇಡಿ. ಅಲ್ಯೂಮಿನಿಯಂ, ಟೈಟೇನಿಯಂ ಪುಡಿ ಗಾಳಿಯಲ್ಲಿ ಹಾರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ನಮಸ್ಕಾರ.