ಗಂಟೆ ಬಾರಿಸದ ಮನೆಯಲ್ಲಿ ಹಲ್ಲು

ಕೇಳುಗರಿಗೆ ನಮಸ್ಕಾರ. ಇದು ಕೊರೊನಾ ಕಾಲದಲ್ಲಿ, ಶಾಲೆಗಳು ಮುಚ್ಚಿ ಮಕ್ಕಳು ಮನೆಯಲ್ಲೇ ಇದ್ದ ದಿನಗಳಲ್ಲಿ ಆಡಿದ ಮಾತು.

ಮೊನ್ನೆ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗನಿಗೆ ಆರು ವರ್ಷ, ಹಲ್ಲು ನೋವು. "ಡಾಕ್ಟ್ರೇ, ಲಾಕ್‌ಡೌನ್ ಶುರುವಾದ ಮೇಲೆ ಮನೆಗೆ ಒಂದು ಚಾಕೊಲೇಟೂ ತಂದಿಲ್ಲ. ಆದರೂ ಹಲ್ಲು ಹುಳುಕಾಗಿದೆ" ಎಂದರು. ನಾನು ಕೇಳಿದೆ: "ಮಗ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾನೆ?" ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ನಕ್ಕುಬಿಟ್ಟರು. "ಒಂದೊಂದು ದಿನ ಒಂದೊಂದು ಹೊತ್ತು!"

ಹಲ್ಲು ನೋವಿಗೂ ಏಳುವ ಹೊತ್ತಿಗೂ ಏನು ನಂಟು ಅಂತ ನಿಮಗೂ ಅನ್ನಿಸಬಹುದು. ಇವತ್ತು ಅದನ್ನೇ ಮಾತಾಡೋಣ.

ಶಾಲೆ ತೆರೆದಿದ್ದಾಗ ಮಕ್ಕಳ ದಿನಕ್ಕೆ ಒಂದು ಕಟ್ಟು ಇತ್ತು. ಏಳು, ಹಲ್ಲುಜ್ಜು, ತಿಂಡಿ ತಿನ್ನು, ಹೊರಡು. ತರಗತಿಯಲ್ಲಿ ಕೂತ ಮೇಲೆ ಬಾಯಾಡಿಸುವಂತಿಲ್ಲ. ಗಂಟೆ ಹೊಡೆದರೆ ಡಬ್ಬಿ ತೆರೆಯಬೇಕು, ಇನ್ನೊಮ್ಮೆ ಹೊಡೆದರೆ ಮುಚ್ಚಬೇಕು. ಆ ಗಂಟೆ ಪಾಠಕ್ಕೆ ಅಂತ ನಾವು ಅಂದುಕೊಂಡಿದ್ದೆವು. ಅದು ಹಲ್ಲನ್ನೂ ಕಾಯುತ್ತಿತ್ತು.

ಹೇಗೆ ಅಂತೀರಾ? ನಾವು ಹುಳುಕು ಹಲ್ಲು ಅನ್ನುತ್ತೇವೆ. ಆದರೆ ಅದರಲ್ಲಿ ಹುಳುವೇ ಇರುವುದಿಲ್ಲ. ಹಲ್ಲಿನ ಮೇಲೆ ಅಂಟಂಟಾಗಿ ಕೂರುವ ಪದರದಲ್ಲಿ ಬ್ಯಾಕ್ಟೀರಿಯಾಗಳು ಇರುತ್ತವೆ. ನಾವು ಸಿಹಿ ತಿಂದರೆ ಅವೂ ತಿನ್ನುತ್ತವೆ, ತಿಂದು ಆಮ್ಲ ಬಿಡುತ್ತವೆ. ಬಿಸ್ಕತ್ತು, ಚಿಪ್ಸ್ ಹಲ್ಲಿಗೆ ಅಂಟಿಕೊಂಡರೂ ಅಷ್ಟೇ. ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಿಎಚ್, ಅಂದರೆ ಆಮ್ಲದ ಅಳತೆ (ಇದು ಇಳಿದಷ್ಟೂ ಆಮ್ಲ ಹೆಚ್ಚು), ಸುಮಾರು 5.5ಕ್ಕಿಂತ ಕೆಳಗೆ ಇಳಿಯುತ್ತದೆ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಆಗ ಕಾಪಾಡುವುದು ನಮ್ಮ ಜೊಲ್ಲು. ಅದು ಆಮ್ಲವನ್ನು ತೊಳೆದು, ಕರಗಿ ಹೋದ ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿಗೆ ವಾಪಸ್ ತುಂಬುತ್ತದೆ. ಆದರೆ ಅದಕ್ಕೆ ಬಿಡುವು ಬೇಕು. ಬಾಯಿ ಮೊದಲಿನ ಸ್ಥಿತಿಗೆ ಬರಲು ಹೆಚ್ಚು ಕಡಿಮೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಈಗ ಲೆಕ್ಕ ಹಾಕಿ. ಐದು ಬಿಸ್ಕತ್ತನ್ನು ಮಗು ಒಂದೇ ಸಲ ತಿಂದರೆ ಹಲ್ಲಿಗೆ ಒಂದು ಪೆಟ್ಟು. ಅದೇ ಐದನ್ನು ಗಂಟೆಗೊಂದರಂತೆ ತಿಂದರೆ ಐದು ಪೆಟ್ಟು. ಆನ್‌ಲೈನ್ ಕ್ಲಾಸಿನ ಪಕ್ಕದಲ್ಲಿ ಜ್ಯೂಸ್ ಬಾಟಲಿ ಇಟ್ಟುಕೊಂಡು ಗುಟುಕು ಗುಟುಕಾಗಿ ಹೀರುತ್ತಿದ್ದರೆ ಪೆಟ್ಟು ನಿಲ್ಲುವುದೇ ಇಲ್ಲ. ಸಕ್ಕರೆ ಕಡಿಮೆ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ತಿಂದ ಅನ್ನುವಷ್ಟೇ ಎಷ್ಟು ಸಲ ತಿಂದ ಅನ್ನುವುದನ್ನೂ ನಾನು ಕೇಳುತ್ತೇನೆ.

ತಂದೆ ತಾಯಿಯರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಮನೆಯಿಂದಲೇ ಆಫೀಸ್ ಕೆಲಸ, ಪಕ್ಕದ ಕೋಣೆಯಲ್ಲಿ ಅಳುವ ಮಗು. ಒಂದು ಬಿಸ್ಕತ್ತು ಕೊಟ್ಟರೆ ಹತ್ತು ನಿಮಿಷ ಸುಮ್ನೆ ಇರುತ್ತದೆ. ನಾನೂ ಕೊಟ್ಟಿದ್ದೇನೆ, ಹಲ್ಲಿನ ಡಾಕ್ಟರ್ ಆಗಿದ್ದುಕೊಂಡೂ! ಹಸಿವಿಗಿಂತ ಬೇಜಾರಿಗೆ ತಿನ್ನುವುದೇ ಈ ದಿನಗಳಲ್ಲಿ ಜಾಸ್ತಿ, ಅಲ್ವಾ? ತಿನ್ನುವುದಕ್ಕೆ ಹೊತ್ತು ಗೊತ್ತು ಮಾಡಿ. ನಡುವೆ ಬಾಯಾರಿದರೆ ನೀರು ಕುಡಿಯಲಿ.

ಇನ್ನು ರಾತ್ರಿ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ, ಕಾವಲುಗಾರನೇ ಇಲ್ಲದ ಹಾಗೆ. ಮಗು ತಡವಾಗಿ ತಿಂದು, ಮೊಬೈಲ್ ನೋಡುತ್ತಾ ಸೋಫಾದ ಮೇಲೇ ನಿದ್ದೆ ಹೋದರೆ, ಎಬ್ಬಿಸಿ ಹಲ್ಲುಜ್ಜಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ನಿದ್ದೆಗೆ ಕಾಯಬೇಡಿ. ರಾತ್ರಿ ಊಟ ಮುಗಿದು ಸ್ವಲ್ಪ ಹೊತ್ತಿಗೆ ಹಲ್ಲುಜ್ಜಿಸಿಬಿಡಿ, ಆಮೇಲೆ ನೀರು ಮಾತ್ರ. ದಿನಕ್ಕೆ ಎರಡು ಸಲ ಎರಡೆರಡು ನಿಮಿಷ ಉಜ್ಜಬೇಕು. ಅದರಲ್ಲಿ ರಾತ್ರಿಯದನ್ನು ಯಾವ ಕಾರಣಕ್ಕೂ ಬಿಡಬಾರದು.

ಪೇಸ್ಟ್ ಫ್ಲೋರೈಡ್ ಇರುವುದೇ ಆಗಲಿ. ಟ್ಯೂಬಿನ ಮೇಲೆ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಅಂತ ಇದೆಯಾ ನೋಡಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಉಜ್ಜಿದ ಮೇಲೆ ಉಗುಳಲಿ, ಆದರೆ ನೀರು ತುಂಬಿಕೊಂಡು ಮುಕ್ಕಳಿಸುವುದು ಬೇಡ. ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಏಳೆಂಟು ವರ್ಷದವರೆಗೆ ಬ್ರಷ್ ದೊಡ್ಡವರ ಕೈಯಲ್ಲೂ ಒಮ್ಮೆ ಇರಬೇಕು. ಮಗು ಮುಂದಿನ ಹಲ್ಲನ್ನು ಚೆನ್ನಾಗಿ ಉಜ್ಜುತ್ತದೆ, ಕನ್ನಡಿಯಲ್ಲಿ ಕಾಣುವುದು ಅದೇ ತಾನೆ. ಹಿಂದಿನ ಹಲ್ಲು ಉಳಿದುಬಿಡುತ್ತದೆ.

ಹಿಂದಿನ ಹಲ್ಲಿನ ಮಾತು ಬಂತು, ಹೇಳಿಬಿಡುತ್ತೇನೆ. ಆರು ವರ್ಷದ ಆಸುಪಾಸಿನಲ್ಲಿ ಕೊನೆಯ ಹಾಲು ಹಲ್ಲಿನ ಹಿಂದೆ ಒಂದು ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಸದ್ದಿಲ್ಲದೆ ಬಂದು ಕೂರುತ್ತದೆ. ಅದು ಶಾಶ್ವತ ಹಲ್ಲು, ಮತ್ತೆ ಹುಟ್ಟುವಂಥದ್ದಲ್ಲ. ಎಷ್ಟೋ ಜನ ಇದನ್ನೂ ಹಾಲು ಹಲ್ಲು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದರ ಮೇಲೆ ಆಳವಾದ ಗೀರುಗಳಿರುತ್ತವೆ. ಹುಟ್ಟುತ್ತಿರುವಾಗ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದಕ್ಕೆ ತಾಗದೆ ಮೇಲಿಂದಲೇ ಹಾದುಹೋಗುತ್ತದೆ. ಕೆನ್ನೆಯ ಕಡೆಯಿಂದ ಅಡ್ಡಲಾಗಿ ಬ್ರಷ್ ಹಾಕಿ ಉಜ್ಜಬೇಕು. ಬೇರೆ ವರ್ಷವಾಗಿದ್ದರೆ ತಪಾಸಣೆಗೆ ಬಂದಾಗ ನಾವೇ ನೋಡುತ್ತಿದ್ದೆವು. ಈ ವರ್ಷ ಆರು ತುಂಬಿದ ಮಕ್ಕಳ ಬಾಯಿ ನೋಡಿದವರು ಯಾರು?

ನೀವೇ ನೋಡಬೇಕು. ವಾರಕ್ಕೊಮ್ಮೆ ಮೊಬೈಲ್ ಟಾರ್ಚ್ ಹಾಕಿ. ತುಟಿ ಎತ್ತಿ ಒಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಇದೆಯಾ ನೋಡಿ. ಇದ್ದರೆ ಅದು ಹುಳುಕಿನ ಮೊದಲ ಗುರುತು. ಇನ್ನೂ ಗುಂಡಿ ಬಿದ್ದಿಲ್ಲ ಅಂದರೆ ಫ್ಲೋರೈಡ್ ಪೇಸ್ಟಿನಿಂದ, ತಿನ್ನುವ ಹೊತ್ತಿನ ಶಿಸ್ತಿನಿಂದ ಅಲ್ಲೇ ತಡೆಯಬಹುದು. ಹಾಲು ಹಲ್ಲು ಹೇಗೂ ಬೀಳುತ್ತದೆ ಅನ್ನಬೇಡಿ. ಹಿಂಬದಿಯ ಹಾಲು ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕಾದವು.

ದಂತ ಕ್ಲಿನಿಕ್‌ಗಳು ಮಾಮೂಲಿ ಚಿಕಿತ್ಸೆಯಿಂದ ಯಾಕೆ ಹಿಂದೆ ಸರಿದವು ಅಂತ ಕೆಲವರಿಗೆ ಸಿಟ್ಟಿದೆ. ನಮ್ಮ ಡ್ರಿಲ್ ತಿರುಗಿದರೆ ನೀರು, ಜೊಲ್ಲು ಸೇರಿದ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಅದಕ್ಕೇ 2020ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೊರೊನಾ ಸೋಂಕು ಹರಡುತ್ತಿರುವ ಕಡೆ ತುರ್ತಲ್ಲದ ದಂತ ಚಿಕಿತ್ಸೆಯನ್ನು ಮುಂದೂಡಲು ಹೇಳಿತು. ತುರ್ತು ಚಿಕಿತ್ಸೆಯನ್ನು ನಿಲ್ಲಿಸಿ ಅನ್ನಲಿಲ್ಲ. ಮಗುವಿನ ಮುಖ ಊದಿಕೊಂಡರೆ, ಹಲ್ಲು ನೋವಿನ ಜೊತೆ ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಕಾಯಬೇಡಿ, ಕೂಡಲೇ ಹೊರಡಿ. ಆಟವಾಡುವಾಗ ಬಿದ್ದು ಶಾಶ್ವತ ಹಲ್ಲು ಕಿತ್ತು ಬಂದರೆ ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ಬನ್ನಿ. ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ಹಾಲು ಹಲ್ಲು ಕಿತ್ತು ಬಂದರೆ ಅದನ್ನು ವಾಪಸ್ ಕೂರಿಸಲು ಹೋಗಬೇಡಿ. ನೋವಿಗೆ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಮಾತ್ರೆಯನ್ನು ಒಸಡಿನ ಮೇಲೆ ಇಟ್ಟರಂತೂ ಒಸಡು ಸುಡುತ್ತದೆ.

ಆ ತಾಯಿ ನಿನ್ನೆ ಮತ್ತೆ ಫೋನ್ ಮಾಡಿದ್ದರು. ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚ ಇಟ್ಟಿದ್ದಾರಂತೆ. ತಿನ್ನುವ ಹೊತ್ತಾದರೆ ಮಗನೇ ಬಾರಿಸುತ್ತಾನೆ. ಮುಗಿದಾಗಲೂ ಬಾರಿಸುತ್ತಾನೆ. ನಡುವೆ ಅಪ್ಪ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದರೆ ಆಗಲೂ ಬಾರಿಸುತ್ತಾನಂತೆ. ಆ ಹುಳುಕು ಹಲ್ಲಿನಲ್ಲಿ ಮಾತ್ರ ಆಗಲೇ ಗುಂಡಿ ಬಿದ್ದಿದೆ, ಅದು ತಾನಾಗಿ ಮುಚ್ಚುವುದಿಲ್ಲ. ಗುರುವಾರ ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂದಿದ್ದೇನೆ.

ನಮಸ್ಕಾರ.